ಒಂಬತ್ತು ದಿನ ಎಳೆದಿದ್ದ ಪರದೆ

ಗ್ರೋನಿಂಗೆನ್, 9 ಫೆಬ್ರವರಿ 2021

ವಸತಿ ಸಂಘದ ವ್ಯವಸ್ಥಾಪಕ ಶ್ರೀ ಬೋಯ್ಕೆಮಾ ಅವರಿಗೆ,

ನಿಮ್ಮ ಎಚ್ಚರಿಕೆ ಪತ್ರ ತಲುಪಿತು. ನಮ್ಮ ಬೀದಿಯಲ್ಲಿ ಹಗಲಾಗಲಿ ಸಂಜೆಯಾಗಲಿ ಯಾರೂ ಪರದೆ ಎಳೆಯುವುದಿಲ್ಲ, ನಿಜ. ನಾನು ಒಂಬತ್ತು ದಿನ ಎಳೆದಿದ್ದೆ. ಅಷ್ಟಕ್ಕೇ ಎದುರುಮನೆಯ ವೀರ್ಸ್ಮಾ, ಲಾಕ್‌ಡೌನ್ ಮುರಿದು ನಾನು ಮನೆಯಲ್ಲಿ ಜನ ಸೇರಿಸಿದ್ದೇನೆಂದು ದೂರು ಕೊಟ್ಟರು. ನನ್ನ ಬಾಗಿಲಿಗೂ ಬಂದು, "ಏನಮ್ಮಾ, ಅಷ್ಟು ಮುಚ್ಚಿಡೋವಂಥದ್ದು ಏನು ನಡೀತಿದೆ ಒಳಗೆ? ಯಾರೋ ಮುದುಕಿ ಬೈಯೋದು ದಿನಾ ಕೇಳಿಸ್ತದೆ," ಎಂದರು.

ಆ ಮುದುಕಿ ನಾನೇ. ಫೋನಿನಲ್ಲಿ ನಾಲ್ಕು ನಿಮಿಷದ ಚಿತ್ರ ಮಾಡುತ್ತಿದ್ದೆ. ಬೀದಿಯ ಬೆಳಕು ಬೀಳಬಾರದೆಂದು ಪರದೆ ಎಳೆದಿದ್ದೆ. ನವೆಂಬರಿನಲ್ಲಿ ವೃದ್ಧಾಶ್ರಮದಲ್ಲಿ ಅಮ್ಮ ತೀರಿಕೊಂಡಾಗ ಕೋವಿಡ್ ನಿಯಮವೆಂದು ನನ್ನನ್ನು ಒಳಗೆ ಬಿಡಲಿಲ್ಲ. ಕಿಟಕಿಯ ಗಾಜಿನಾಚೆ ನಿಂತಿದ್ದೆ. ಅದಕ್ಕೇ ಈಗ ಅವಳ ಸ್ವೆಟರ್ ತೊಟ್ಟು ಅವಳ ಮಾತನ್ನೂ ನಾನೇ ಆಡಿದೆ: "ಬಿಸ್ಕತ್ತು ಒಂದು ತಗೊಂಡ್ಯಲ್ಲ, ಡಬ್ಬಿ ಮುಚ್ಚೇ." ಆಮೇಲೆ ನನ್ನ ಅಂಗಿ ತೊಟ್ಟು ಎದುರಿನ ಕುರ್ಚಿಯಲ್ಲಿ ಕೂತು ಉತ್ತರ ಕೊಟ್ಟೆ.

ನಿಯಮ ಪಾಲಿಸುವುದನ್ನು ನನಗೆ ಹೇಳಿಕೊಡಬೇಡಿ. ಪಾಲಿಸಿದ್ದರಿಂದಲೇ ನಾನು ಹೊರಗೆ ನಿಂತದ್ದು.

ಎಚ್ಚರಿಕೆಯನ್ನು ಲಿಖಿತವಾಗಿ ಹಿಂಪಡೆಯಿರಿ. ಶುಕ್ರವಾರ ಸಂಜೆ ಆರೂವರೆಗೆ ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಚಿತ್ರ ಬೀದಿಗೆ ಕಾಣುವಂತೆ ಒಳಗಿನಿಂದ ಪ್ರೊಜೆಕ್ಟರ್ ಹಚ್ಚುತ್ತೇನೆ. ವೀರ್ಸ್ಮಾ ಅವರು ಕುರ್ಚಿ ತಂದು ಗಾಜಿನಾಚೆ ಕೂರಲಿ. ನನ್ನ ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಸರಿಯಾಗಿ ಎಣಿಸಿ ನಿಮಗೆ ವರದಿ ಕೊಡಲಿ.

ಇಂತಿ,
ಹಿಲ್ಯೆ ಡೈಕೆಮಾ
ಮೂರನೇ ನಂಬರ್ ಮನೆ, ಒಬ್ಬಳೇ