ಬೆಂಕಿಯಲ್ಲಿ ಸತ್ತವಳು ನನ್ನ ತಾಯಿಯಲ್ಲ

ಕಾರ್ಖಾನೆ ಸುರಕ್ಷತಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಅರವತ್ತು ವರ್ಷದ ಹಿಂದೆ ಅಂಗಿ ಕಾರ್ಖಾನೆಯ ಬೆಂಕಿಯಲ್ಲಿ ಸತ್ತ ನಲವತ್ತೆರಡು ಹೆಣ್ಣುಮಕ್ಕಳ ಹೆಸರಿರುವ ಕಲ್ಲನ್ನು ತಾವು ಬರುವ ತಿಂಗಳು ಅನಾವರಣ ಮಾಡಲಿದ್ದೀರಿ. ಅದರಲ್ಲಿ ಹದಿನೇಳನೆಯ ಹೆಸರು ನನ್ನ ತಾಯಿಯದು. ನನ್ನ ತಾಯಿ ಆ ಬೆಂಕಿಯಲ್ಲಿ ಸಾಯಲಿಲ್ಲ. ಹೋದ ವರ್ಷ, ಎಂಬತ್ತೊಂದನೆಯ ವಯಸ್ಸಿನಲ್ಲಿ, ನನ್ನ ಮನೆಯ ಮಂಚದ ಮೇಲೆ ತೀರಿಕೊಂಡರು. ಬೆಂಕಿಯಲ್ಲಿ ಸತ್ತವಳು ಅವರ ತಂಗಿ, ನನ್ನ ಚಿಕ್ಕಮ್ಮ. ಅವಳ ಹೆಸರು ನಿಮ್ಮ ಯಾವ ಪಟ್ಟಿಯಲ್ಲೂ ಇಲ್ಲ. ಇದನ್ನು ತಿಳಿಸಿ ಮೂರು ಅರ್ಜಿ ಬರೆದೆ. "ದಾಖಲೆಗಳ ಪ್ರಕಾರ ಮೃತರು ಮೃತರಾಗಿರುವುದರಿಂದ ಬದಲಾವಣೆಗೆ ಅವಕಾಶವಿಲ್ಲ" ಎಂಬ ಒಂದೇ ಉತ್ತರ ಮೂರು ಸಲ ಬಂತು. ಆದ್ದರಿಂದ ನಾಲ್ಕನೆಯದನ್ನು ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ನಿವೃತ್ತಿಯಾದ ಮೇಲೂ ಕೆಲಸ ಮನೆಗೆ ಬರುತ್ತದೆ. ತಮ್ಮ ಇಲಾಖೆಯ ಸ್ಮರಣ ಪುಸ್ತಿಕೆಯ ಕರಡೂ ನನ್ನ ಮೇಜಿಗೇ ಬಂದಿತ್ತೆಂಬುದು ತಮಗೆ ತಿಳಿದಿರಲಾರದು. ಅದರ ತೊಂಬತ್ತು ಕಾಗುಣಿತ ದೋಷಗಳನ್ನು ತಿದ್ದಿದ ಕೈ ಇದೇ. ಹೆಸರಿನ ಪಟ್ಟಿಯನ್ನು ಗಟ್ಟಿಯಾಗಿ ಓದಿ ತಾಳೆ ನೋಡುವುದು ನಮ್ಮ ಕಸುಬಿನ ರೂಢಿ. ಹಾಗೆ ಓದುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅಮ್ಮ ಹದಿನೇಳನೆಯ ಹೆಸರಿಗೆ "ಹ್ಞಾಂ" ಎಂದರು, ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ. ಏನಾಯಿತು ಎಂದು ಕೇಳಿದೆ.

"ಅದು ನಾನು ಕಣೇ," ಎಂದರು. "ಇನ್ನೊಂದ್ಸಲ ಓದು."

ಅಲ್ಲಿಯವರೆಗೆ ಅಮ್ಮನ ಹೆಸರೆಂದು ನಾನು ತಿಳಿದಿದ್ದದ್ದು, ನನ್ನ ಶಾಲೆಯ ದಾಖಲಾತಿಯಲ್ಲೂ ನನ್ನ ಮದುವೆಯ ಕಾಗದದಲ್ಲೂ ಬರೆಸಿದ್ದದ್ದು ಚಿಕ್ಕಮ್ಮನ ಹೆಸರು. ಬೆಂಕಿಯಲ್ಲಿ ಅಮ್ಮನ ಒಬ್ಬ ಒಡಹುಟ್ಟಿದವಳು ಹೋದಳು ಎಂಬುದಷ್ಟೇ ಗೊತ್ತಿತ್ತು. ಯಾರು ಯಾರಾಗಿ ಹೋದರು ಎಂಬುದನ್ನು ಅಮ್ಮ ಆ ಮಧ್ಯಾಹ್ನ ಹೇಳಿದರು.

ಆಗ ನಾನು ಎಂಟು ತಿಂಗಳ ಕೂಸು. ನಾಲ್ಕು ದಿನದಿಂದ ಜ್ವರ ಬಿಟ್ಟಿರಲಿಲ್ಲವಂತೆ. ಅಪ್ಪ ಲಾರಿ ತೆಗೆದುಕೊಂಡು ಬೇರೆ ಊರಿಗೆ ಹೋಗಿದ್ದರು. ಒಂದು ದಿನ ತಪ್ಪಿಸಿದರೂ ಹೊಲಿಗೆ ಯಂತ್ರ ಇನ್ನೊಬ್ಬರ ಪಾಲಾಗುತ್ತಿತ್ತು. ಹದಿನೆಂಟು ವರ್ಷದ ಚಿಕ್ಕಮ್ಮನನ್ನು ಕೇರಿಯವರು ಮಾತಿನಮಲ್ಲಿ ಎಂದೇ ಕರೆಯುತ್ತಿದ್ದರು. ಹೊಲಿಗೆ ಅವಳಿಗೂ ಬರುತ್ತಿತ್ತು. ಅಕ್ಕನ ಹಾಜರಿ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಸಂಜೆವರೆಗೂ ಬಾಯಿ ಮುಚ್ಚಿಕೊಂಡಿರುವುದೊಂದೇ ಕಷ್ಟದ ಕೆಲಸ ಎಂದು ನಗುತ್ತಾ ಹೊರಟಳು. ಮಧ್ಯಾಹ್ನ ಮೂರೂಮುಕ್ಕಾಲಿಗೆ ಬೆಂಕಿ ಹತ್ತಿತು.

ಹೆಣಗಳನ್ನು ಶಾಲೆಯ ಅಂಗಳದಲ್ಲಿ ಸಾಲಾಗಿ ಮಲಗಿಸಿದ್ದರು. ಅಮ್ಮ ನನ್ನನ್ನು ಹೆಗಲಿಗೆ ಹಾಕಿಕೊಂಡೇ ಸಾಲಿನುದ್ದಕ್ಕೂ ನಡೆದರಂತೆ. ಗುರುತು ಹತ್ತಿದ್ದು ಮುಖದಿಂದಲ್ಲ, ಹೆಬ್ಬೆರಳಿಗಿಂತ ಉದ್ದವಾಗಿದ್ದ ಕಾಲಿನ ಎರಡನೆಯ ಬೆರಳಿನಿಂದ. ಅಲ್ಲಿ ಕೂತಿದ್ದ ಗುಮಾಸ್ತ ಬಿಲ್ಲೆಯ ಸಂಖ್ಯೆ ನೋಡಿ, ಕಾರ್ಖಾನೆಯ ಪುಸ್ತಕದಿಂದ ಅಮ್ಮನ ಹೆಸರು ಬರೆದುಕೊಂಡ. ತಲೆ ಎತ್ತದೆ, "ಏನಾಗಬೇಕು?" ಎಂದು ಕೇಳಿದ. ಅಮ್ಮ "ತಂಗಿ" ಎಂದರು. ಸತ್ತವಳು ತನ್ನ ತಂಗಿ ಎಂದು ಅವರ ಅರ್ಥ. ಎದುರಿಗೆ ನಿಂತವಳು ಸತ್ತವಳ ತಂಗಿ ಎಂದು ಅವನು ಬರೆದ. ನಾಲ್ಕನೆಯ ದಿನ ಕಾರ್ಖಾನೆಯ ಮೇಸ್ತ್ರಿ ಮನೆಗೆ ಬಂದು, ಬದಲಿ ಆಳು ಕಳಿಸಿದ್ದು ಹೊರಗೆ ಬಂದರೆ ತಪ್ಪೆಲ್ಲ ನಿನ್ನ ತಲೆಗೇ ಬರುತ್ತದೆ ಎಂದು ಹೇಳಿಹೋದ. ಸತ್ತವರಿಗೆ ಯಾರು ಕೆಲಸ ಕೊಡುತ್ತಾರೆ? ಪೆಟ್ಟಿಗೆಯಲ್ಲಿ ಚಿಕ್ಕಮ್ಮನ ಶಾಲೆಯ ಪ್ರಮಾಣಪತ್ರವಿತ್ತು. ಅಪ್ಪ ಬಂದ ಮೇಲೆ ಊರು ಬಿಟ್ಟರು. ಅಮ್ಮ ಆ ಪ್ರಮಾಣಪತ್ರದ ಮೇಲೆ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದರು. ಅದೇ ಹೆಸರಿನಲ್ಲಿ ಬದುಕಿ, ಅದೇ ಹೆಸರಿನಲ್ಲಿ ಹೋದರು.

ಅಮ್ಮ ಹೋದ ಮೇಲೆ ನಾನು ಬೆಂಕಿಯ ಬಗ್ಗೆ ಬರೆದದ್ದೆಲ್ಲವನ್ನೂ ಹುಡುಕಿ, ಒಂದರ ಪಕ್ಕ ಒಂದಿಟ್ಟು ಓದಿದೆ. ಅಂದಿನ ಸಂಜೆ ಪತ್ರಿಕೆ ಹೇಳುತ್ತದೆ: "ಎರಡನೆಯ ಮಹಡಿಯ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು." ಮರುದಿನ ಬೆಳಿಗ್ಗೆ ಅದು "ಬೀಗ ಹಾಕಲಾಗಿತ್ತು ಎನ್ನಲಾಗಿದೆ" ಎಂದಾಯಿತು. ಐದು ತಿಂಗಳ ನಂತರ ತನಿಖಾ ವರದಿ, "ಬಾಗಿಲು ಸಕಾಲದಲ್ಲಿ ತೆರೆಯಲ್ಪಡಲಿಲ್ಲ" ಎಂದಿತು. ತಮ್ಮ ಪುಸ್ತಿಕೆಯಲ್ಲಿ, "ಗಾಬರಿಗೊಂಡ ಕಾರ್ಮಿಕರ ನೂಕುನುಗ್ಗಲಿನಿಂದ ಸಾವುನೋವು ಸಂಭವಿಸಿತು." ಮೊದಲು ಬೀಗ ಹಾಕಿದ ಕೈ ಹೋಯಿತು, ಆಮೇಲೆ ಬೀಗ ಹೋಯಿತು, ಕೊನೆಗೆ ಬಾಗಿಲೇ ಹೋಯಿತು. ಉಳಿದದ್ದು ಸತ್ತವರ ತಪ್ಪು ಮಾತ್ರ. ಬರೆದು ಬರೆದು ಒಂದು ಬಾಗಿಲನ್ನು ಮಾಯ ಮಾಡುವ ಈ ವಿದ್ಯೆಯನ್ನು ತಮ್ಮವರು ಎಲ್ಲಿ ಕಲಿತರು, ಮಾನ್ಯರೇ? ಆ ವಾಕ್ಯದ ಕಾಗುಣಿತವನ್ನೂ ನಾನೇ ಸರಿಪಡಿಸಿ ಕಳಿಸಿದ್ದೆ ಎಂಬುದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಅಗ್ನಿಶಾಮಕ ದಳದ ದಿನಚರಿ ಪುಸ್ತಕ ಇನ್ನೂ ಉಳಿದಿದೆ. ಪೆನ್ಸಿಲಿನಲ್ಲಿ ಮೂರು ಸಾಲು: "ಬಾಗಿಲು ಹೊರಗಿನಿಂದ ಬೀಗ. ಕೊಡಲಿಯಿಂದ ಒಡೆದೆವು. ಒಳಗೆ ಬಾಗಿಲಿಗೆ ಒರಗಿಕೊಂಡು ಹತ್ತೊಂಬತ್ತು ಜನ." ತನಿಖಾ ಸಮಿತಿ ಇದನ್ನು "ಆತುರದ ಬರಹ" ಎಂದು ಬದಿಗಿಟ್ಟಿತು. ನಿಜ, ಬೆಂಕಿ ಆರಿಸುವವನಿಗೆ ಆತುರವಿರುತ್ತದೆ. ಸಮಿತಿಗೆ ಐದು ತಿಂಗಳು ಪುರುಸೊತ್ತಿತ್ತು.

ಅಂದು ಬದುಕಿದವರಲ್ಲಿ ಈಗ ಉಳಿದಿರುವವರು ಒಬ್ಬರೇ. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದವರು, ಈಗ ಎಂಬತ್ತನಾಲ್ಕು. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಾರೆ. ದಿನವೂ ಊಟದ ನಂತರ ಬೀಗ ಹಾಕುತ್ತಿದ್ದರೆಂದೂ, ಬಟ್ಟೆಯ ತುಂಡು ಕದ್ದಾರೆಂದು ಸಂಜೆ ಚೀಲ ತಪಾಸಣೆ ಮಾಡಿಯೇ ಬಾಗಿಲು ತೆಗೆಯುತ್ತಿದ್ದರೆಂದೂ ಹೇಳಿದರು. ಪಕ್ಕದ ಯಂತ್ರದಲ್ಲಿ ಕೂತಿದ್ದ ಹುಡುಗಿ ಊಟದ ಹೊತ್ತಿನಲ್ಲಿ, ತಾನು ಅಕ್ಕನ ಬದಲಿಗೆ ಬಂದದ್ದನ್ನು ಯಾರಿಗೂ ಹೇಳಬಾರದೆಂದು ಅವರಿಂದ ಮಾತು ತೆಗೆದುಕೊಂಡಿದ್ದಳಂತೆ. ನಾನು ಏಳುವ ಹೊತ್ತಿಗೆ ನನ್ನ ಕೈ ಹಿಡಿದು ಕೂರಿಸಿದರು.

"ಹಳಬರಿಗೆಲ್ಲ ಕತ್ತರಿ ಕೋಣೆ ಕಿಟಕಿ ಗೊತ್ತಿತ್ತಮ್ಮ. ಅಲ್ಲಿಂದ ಪಕ್ಕದ ಮನೆ ಮಾಡಿನ ಮೇಲೆ ಹಾರಿದ್ವಿ. ಅವಳು ಹೊಸಬಳು, ಬೆಳಿಗ್ಗೆ ಬಂದ ಬಾಗಿಲಿಗೇ ಓಡಿದ್ಲು. ಈ ಕಡೆ ಬಾ ಅಂತ ಕೂಗಬೇಕು, ಅವಳ ಹೆಸರು ನಂಗೆ ಗೊತ್ತಿಲ್ಲ. ನಿಮ್ಮಮ್ಮನ ಹೆಸರು ಹಿಡಿದೇ ಕೂಗಿದೆ. ಎರಡು ಸಲ ಕೂಗಿದೆ. ಅವಳು ತಿರುಗಲಿಲ್ಲ."

ಮಾನ್ಯರೇ, ಇದು ನಿಮ್ಮ ಯಾವ ವರದಿಯಲ್ಲೂ ಬರುವುದಿಲ್ಲ. ಆ ಕೂಗು ಈಗ ನನ್ನ ಮನೆಯಲ್ಲಿದೆ. ಯಾವ ಪಟ್ಟಿಯನ್ನು ಗಟ್ಟಿಯಾಗಿ ಓದಿದರೂ ನಡುವೆ ನಿಂತು ಕಿವಿಗೊಡುತ್ತೇನೆ, ಗೋಡೆಯ ಕಡೆಯಿಂದ ಯಾರೂ ಓಗೊಡುವುದಿಲ್ಲ. ನನಗೆ ಜ್ವರ ಬಾರದಿದ್ದರೆ ಅಮ್ಮ ಹೋಗುತ್ತಿದ್ದರು, ಅಮ್ಮನಿಗೆ ಆ ಕಿಟಕಿ ಗೊತ್ತಿತ್ತು. ಈ ಲೆಕ್ಕವನ್ನು ಅಮ್ಮ ಅರವತ್ತು ವರ್ಷ ಒಬ್ಬರೇ ಹೊತ್ತರು, ನನ್ನೆದುರು ಒಂದು ದಿನವೂ ಎತ್ತಲಿಲ್ಲ.

ಜನನ ಮರಣ ಕಚೇರಿಗೂ ಹೋದೆ. ಅಲ್ಲಿನ ಗುಮಾಸ್ತೆ ಒಳ್ಳೆಯ ಹುಡುಗಿ, ತಾಳ್ಮೆಯಿಂದ ಕೇಳಿದಳು. "ನಿಮ್ಮ ಚಿಕ್ಕಮ್ಮ ಹೋದ ವರ್ಷ ತೀರಿಕೊಂಡಿದ್ದಾರೆ ಅಂತ ಇಲ್ಲಿದೆಯಲ್ಲಮ್ಮ. ಒಬ್ಬರು ಎರಡು ಸಲ ಸಾಯೋಕೆ ಹೇಗಾಗುತ್ತೆ?" ಎಂದಳು. ಆಗುತ್ತದೆ ಎಂದೆ. ಇಲಾಖೆ ಪತ್ರ ಕೊಟ್ಟರೆ ತಿದ್ದಬಹುದು ಎಂದು ತಮ್ಮ ವಿಳಾಸ ಬರೆದುಕೊಟ್ಟಳು.

ಹೋದ ವಾರ ಕಲ್ಲು ಕೆತ್ತುವವರ ಶೆಡ್ಡಿಗೆ ಕಾಜಾದ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದೆ. ಹದಿನಾಲ್ಕು ಹೆಸರು ಮುಗಿದಿತ್ತು. ಅಜ್ಜಿ ನಡೆದದ್ದನ್ನು ಹೇಳಿದರು. ಕೆತ್ತುವವರು ಉಳಿ ಕೆಳಗಿಟ್ಟು ಕೇಳಿದರು. ತನಗೆ ಕೊಟ್ಟ ಪಟ್ಟಿಯನ್ನು ಬದಲಿಸುವ ಅಧಿಕಾರ ತನಗಿಲ್ಲ, ಆದರೆ ಒಂದು ಸಾಲು ಬಿಟ್ಟು ಮುಂದಕ್ಕೆ ಕೆತ್ತಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದರು.

ನನ್ನ ಬೇಡಿಕೆ ಎರಡು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ್ದರು ಎಂಬ ಮಾತು ಕಲ್ಲಿನ ತಲೆಯ ಮೇಲೆ ಬರಬೇಕು. ನನ್ನ ತಾಯಿಯ ಹೆಸರು ಪಟ್ಟಿಯಿಂದ ಹೋಗಿ ಚಿಕ್ಕಮ್ಮನ ಹೆಸರು ಬರಬೇಕು. ಎರಡೂ ಹೆಸರು ಲಗತ್ತಿಸಿದ ಹಾಳೆಯಲ್ಲಿವೆ, ಕಾಗುಣಿತ ತಪ್ಪಿಲ್ಲ. ನಿನ್ನೆ ಕೆತ್ತುವವರು ಹೇಳಿಕಳಿಸಿದರು: ಇಪ್ಪತ್ತೊಂದರವರೆಗೆ ಆಗಿದೆ, ಹದಿನಾರರ ಕೆಳಗೆ ಒಂದು ಸಾಲು ಬರೀ ಕಲ್ಲಿದೆ. ತಮ್ಮ ಕಾಗದಕ್ಕೆ ಅವರು ಕಾಯುತ್ತಿದ್ದಾರೆ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಎಂಟು ತಿಂಗಳಿಗೇ ತಬ್ಬಲಿಯಾದ,
ಅರವತ್ತು ವರ್ಷ ತಾಯಿಯ ಕೈತುತ್ತು ಉಂಡ ಕರಡು ತಿದ್ದುವವಳು