ನಿಂಬೆ ಗಿಡಕ್ಕೆ ಬಂದ ಪಟ್ಟೆ ಹಕ್ಕಿ

ಮನೆಯಿಂದ,
ಮೇ ಹನ್ನೊಂದು, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತೇ? ಹಾಸ್ಟೆಲ್ಲಿನ ಹುಡುಗಿಯರ ಹಿಂದೆ ಮೂರು ಮಹಡಿ ಹತ್ತಿ ಇಳಿಯಬೇಡ, ಕೆಳಗಿನಿಂದಲೇ ಒಂದು ಕೂಗು ಹಾಕು. ವಾರ್ಡನ್ನಿಗೆ ಗಂಟಲು ಇರುವುದೇ ಅದಕ್ಕೆ. ನಾವೆಲ್ಲ ಚೆನ್ನಾಗಿದ್ದೇವೆ. ಮಾವನಿಗೆ ಹೊಸ ಕನ್ನಡಕ ಬಂದಿದೆ. ಈಗ ನಾನು ಗುಡಿಸಿದ ಕಡೆಯಲ್ಲೆಲ್ಲ ಅವರಿಗೆ ಕಸ ಕಾಣುತ್ತಿದೆ.

ಗುರುವಾರ ಹಿತ್ತಲಿನ ನಿಂಬೆ ಗಿಡಕ್ಕೆ ಒಂದು ಹೊಸ ಹಕ್ಕಿ ಬಂತು. ಗುಬ್ಬಿಗಿಂತ ಚಿಕ್ಕದು. ಬೂದು ಬೆನ್ನು, ಕೆಂಪು ಕೊಕ್ಕು, ಯಾರೋ ಬೆರಳಿನಿಂದ ಒತ್ತಿದಂತೆ ಎರಡೂ ಕೆನ್ನೆಗೆ ಕಿತ್ತಳೆ ಬಣ್ಣ, ಎದೆಯ ಮೇಲೆ ಸಣ್ಣ ಕಪ್ಪು ಪಟ್ಟೆಗಳು. ಕೂಗು ಮಕ್ಕಳ ಪೀಪಿಯ ಹಾಗೆ. ಮಾವ ಮುನಿಯ ಎಂದರು. ಮುನಿಯಕ್ಕೆ ಕೆನ್ನೆಯ ಬಣ್ಣ ಎಲ್ಲಿಯದು ಎಂದು ನಾನು. ನೀನು ಕೊಟ್ಟ ಹಕ್ಕಿ ಪುಸ್ತಕವನ್ನು ಇಬ್ಬರೂ ಕಿತ್ತಾಡಿಕೊಂಡು ಮಗುಚಿದೆವು, ಸಿಗಲಿಲ್ಲ. ನೀನಿದ್ದಿದ್ದರೆ ಕೂಗು ಕೇಳಿಯೇ ಹೇಳಿಬಿಡುತ್ತಿದ್ದೆ. ಊಟಕ್ಕೆ ಕೂತಾಗ ಇವರಿಗೂ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ ಹೂಂ ಎಂದರು.

ನನಗೆ ವಿಚಿತ್ರ ಎನಿಸಿದ್ದು ಬೇರೆ. ಅದಕ್ಕೆ ಮನುಷ್ಯರ ಭಯವೇ ಇರಲಿಲ್ಲ. ಬಟ್ಟೆ ಹರವುತ್ತಿದ್ದರೆ ಕೈಗೆಟಕುವಷ್ಟು ಹತ್ತಿರ ಬಂದು ಕೂರುತ್ತಿತ್ತು. ಕಾಲಿನಲ್ಲಿ ನೇರಳೆ ಬಣ್ಣದ ಪುಟ್ಟ ಬಳೆ. ಫೋಟೊ ತೆಗೆದು, ಸಾಕುವ ಹಕ್ಕಿ, ಮೀನುಗಳನ್ನು ಮಾರುವ ಅಂಗಡಿಯವನಿಗೆ ತೋರಿಸಿದೆ. "ಇದು ಕಾಡಿನದ್ದಲ್ಲ ಮೇಡಂ, ಪಂಜರದ್ದು. ಜೀಬ್ರಾ ಫಿಂಚ್ ಅಂತಾರೆ. ನಿಮ್ಮ ಹಿಂದಿನ ಮನೆಯವರೇ ಒಂದು ಜೋಡಿ ತಗೊಂಡು ಹೋಗಿದ್ರು. ಹೊರಗೆ ಬಿಟ್ರೆ ಇವು ಬಹಳ ದಿನ ಬದುಕಲ್ಲ," ಎಂದ.

ಹಿಂದಿನ ಮನೆ ಎಂದರೆ ಕಂಟ್ರಾಕ್ಟರನ ಮನೆ. ಇವರು ಕೆಲಸ ಮಾಡುವುದು ಅವನ ಕೈಕೆಳಗೇ. ಅವನ ಹೆಂಡತಿ ಗೋಡೆಯಾಚೆಯಿಂದ ನನ್ನೊಡನೆ ಮಾತಾಡುವಾಗಲೂ ಒಂದು ಕಿವಿಯನ್ನು ಮನೆಯೊಳಗೇ ಇಟ್ಟಿರುತ್ತಿದ್ದಳು. ಒಮ್ಮೆ ಮುಂಗೈ ಕಪ್ಪುಗಟ್ಟಿತ್ತು. ಪಂಜರದ ಬಾಗಿಲು ತಾಗಿತು ಎಂದಳು. ಪಂಜರದ ಬಾಗಿಲು ಎಷ್ಟು ದೊಡ್ಡದಿರುತ್ತದೆ ಅಮ್ಮಾ? ಬುಧವಾರದಿಂದ ಅವಳು ಕಾಣಿಸಿಲ್ಲ. ಅಕ್ಕನ ಮನೆಗೆ ಹೋಗಿದ್ದಾಳೆ ಎಂದು ಅವನು ಬೀದಿಗೆಲ್ಲ ಹೇಳಿದ್ದ. ಮಕ್ಕಳಂತೆ ಸಾಕಿದ ಹಕ್ಕಿಯನ್ನು ಹೊರಗೆ ಬಿಟ್ಟು ಯಾರಾದರೂ ಅಕ್ಕನ ಮನೆಗೆ ಹೋಗುತ್ತಾರೆಯೇ?

ಇವತ್ತು ಬೆಳಿಗ್ಗೆ ಅವನೇ ಬಂದು ಗೇಟಿನ ಹತ್ತಿರ ನಿಂತ. "ನಮ್ಮ ಹಕ್ಕಿ ಈ ಕಡೆ ಏನಾದ್ರೂ ಬಂತಾ ತಂಗಿ?" ಯಾಕೋ ನನ್ನ ಬಾಯಿಂದ "ಇಲ್ಲ" ಎಂದೇ ಬಂತು. ಅವನು ನಕ್ಕ. "ಬಂದಿದೆ ಅಂತ ನಿಮ್ಮ ಯಜಮಾನ್ರೇ ಹೇಳಿದ್ರಲ್ಲ." ಅಷ್ಟರಲ್ಲಿ ಹಿತ್ತಲಿನಿಂದ ಅದರ ಕೂಗು ಕೇಳಿಸಿತು. ಅವನು ಆ ಕಡೆ ತಿರುಗಲೂ ಇಲ್ಲ. ನಮ್ಮ ಕಿಟಕಿಗಳನ್ನು ಒಂದೊಂದಾಗಿ ನೋಡಿದ, ತಾರಸಿಯ ಮೇಲಿನ ಟ್ಯಾಂಕಿನ ಕೋಣೆಯನ್ನೂ ನೋಡಿದ. "ಹಕ್ಕಿ ಅಲ್ಲೇ ಇರಲಿ ಬಿಡಿ. ಅವಳು ಅದನ್ನ ಬಿಟ್ಟು ದೂರ ಹೋಗೋಳಲ್ಲ," ಎಂದ. ಅವನು ಹೋದ ಎಷ್ಟೋ ಹೊತ್ತಿನ ಮೇಲೂ ನನ್ನ ಕೈ ಚಿಲಕದ ಮೇಲೇ ಇತ್ತು. ಹಕ್ಕಿ ಈಗ ಮೈ ಉಬ್ಬಿಸಿಕೊಂಡು ಒಂದೇ ಕೊಂಬೆಯಲ್ಲಿ ಕೂತಿದೆ. ನವಣೆ ಹಾಕಿದರೂ ಇಳಿಯುತ್ತಿಲ್ಲ.

ಮಾತ್ರೆ ತಪ್ಪಿಸಬೇಡ, ಬಿಸಿಲಿಗೆ ಓಡಾಡಬೇಡ. ಮಾವ ನಿನ್ನನ್ನು ವಿಚಾರಿಸಿದರೆಂದು ಬರೆಯಲು ಹೇಳಿದ್ದಾರೆ.

ನಿನ್ನ ದೊಡ್ಡ ಮಗಳು

ಮತ್ತೆ: ಅಮ್ಮಾ, ಇಷ್ಟು ಬರೆದು ಮನಸ್ಸು ತಡೆಯದೆ ತಾರಸಿಗೆ ಹೋದೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವಳೇ ಅವಳು. ಅವನು ಇದರ ಜೋಡಿ ಹಕ್ಕಿಯ ಕತ್ತು ಹಿಸುಕಿದ ಮೇಲೆ, ಇದನ್ನಾದರೂ ಹಾರಿಬಿಟ್ಟು ಗೋಡೆ ಹಾರಿ ಬಂದಳಂತೆ. ನಮ್ಮ ಟ್ಯಾಂಕಿನ ಕೋಣೆಯಲ್ಲಿಟ್ಟು ಮಾವನೇ ಗುಟ್ಟಾಗಿ ಊಟ ಕೊಡುತ್ತಿದ್ದರು. ಈಗ ಅವರೇ ಪಕ್ಕದ ಸಂದಿಯಿಂದ ಕರೆದುಕೊಂಡು ಹೋಗಿ ಬಸ್ಸು ಹತ್ತಿಸುತ್ತಾರೆ. ಮುಖ ನೋಡಿ ಗಾಬರಿಯಾಗಬೇಡ, ಏನನ್ನೂ ಕೇಳದೆ ಮೊದಲು ಉಣ್ಣಲು ಹಾಕು. ಅವಳ ಗಂಡ ಫೋನ್ ಮಾಡಿದರೆ ಯಾರೂ ಬಂದಿಲ್ಲ ಎನ್ನು. ನನ್ನ ಗಂಡ ಮಾಡಿದರೂ ಹಾಗೆಯೇ ಎನ್ನು. ಕಂಟ್ರಾಕ್ಟರನ ಜೀಪು ಬೀದಿಯ ತುದಿಯಲ್ಲಿ ನಿಂತಿದೆ. ಅವನ ಪಕ್ಕದಲ್ಲಿ ಕೂತು ನಮ್ಮ ಗೇಟನ್ನೇ ನೋಡುತ್ತಿರುವವರು ಇವರು.