ಹೊಳೆದಂಡೆಯಲ್ಲಿ ನನ್ನನ್ನು ಬಿಟ್ಟರು

ಪ್ರೀತಿಯ ಅಪ್ಪನಿಗೆ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಗಾಬರಿಯಾಗಬೇಡಿ, ನನಗೆ ಒಂದು ಗೀರೂ ಬಿದ್ದಿಲ್ಲ.

ನಿನ್ನೆ ನಮ್ಮ ಚರ್ಚಿನ ಯುವಕೂಟ ಹೊಳೆದಂಡೆಯಲ್ಲಿ ಸೇರಿತ್ತು. ಮರಳು ತೆಗೆದು ಕುಸಿದಿದ್ದ ದಂಡೆಯಲ್ಲಿ ಸಸಿ ನೆಟ್ಟು ಪ್ರಾರ್ಥನೆಗೆ ಕೂತಿದ್ದೆವು. ಆಗ ಮರಳು ತುಂಬಲು ನಿಮ್ಮ ಲಾರಿಗಳು ಬಂದವು. ಕೂಟದ ಮುಂದಾಳು ಮೇಷ್ಟ್ರು ದಾರಿಗೆ ಅಡ್ಡ ನಿಂತು, "ಅಣ್ಣಾ, ಇನ್ನೂ ತೆಗೆದ್ರೆ ಹೊಳೆನೇ ಉಳಿಯಲ್ಲ, ವಾಪಸ್ ಹೋಗಿ" ಅಂದರು. ನಮ್ಮ ಡ್ರೈವರ್ ಮಾಮ ಸಲಿಕೆ ಎತ್ತಿ ಅವರ ಮುಖಕ್ಕೇ ಹೊಡೆದ. ಬಿದ್ದವರ ಕೈಯನ್ನು ಇನ್ನೊಬ್ಬ ಬೂಟುಗಾಲಿನಿಂದ ತುಳಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಹುಡುಗಿಯರನ್ನೂ ಕೂದಲು ಹಿಡಿದೆಳೆದು ಬಡಿದರು. ಸಸಿಗಳ ಮೇಲೆ ಲಾರಿ ಹತ್ತಿಸಿದರು. ನನ್ನತ್ತ ರಾಡು ಬೀಸಿದವನನ್ನು ಮಾಮನೇ ತಡೆದ.

"ಏಯ್, ಬಿಡೋ! ಯಜಮಾನ್ರ ಮಗಳು ಕಣೋ ಅವಳು!"

ನೆಲಕ್ಕೆ ಬಿದ್ದಿದ್ದವರೆಲ್ಲ ತಲೆಯೆತ್ತಿ ನನ್ನನ್ನು ನೋಡಿದರು.

ಮೇಷ್ಟ್ರ ಒಂದು ಕಣ್ಣು ಹೋಯಿತು. ಅವರ ಹೆಂಡತಿ ನನಗೂ ಟೀ ತಂದುಕೊಟ್ಟರು. ಕುಡಿಯಲಾಗಲಿಲ್ಲ.

ನನ್ನ ಬಟ್ಟೆಗಳನ್ನು ಚಿಕ್ಕಮ್ಮನ ಮನೆಗೆ ಕಳಿಸಿ. ಅಮ್ಮನ ಬಿಪಿ ಮಾತ್ರೆ ಮುಗಿಯುತ್ತ ಬಂದಿದೆ, ಮರೆಯದೆ ತಂದುಕೊಡಿ. ವಕೀಲರನ್ನು ನನ್ನ ಹತ್ತಿರ ಕಳಿಸಬೇಡಿ. ಹೊಡೆದವರ ಹೆಸರು ಕೂಟದ ಉಳಿದವರಿಗೆ ಗೊತ್ತಿಲ್ಲ. ನಾನು ಆ ಹೊಡೆದವರ ಹೆಗಲ ಮೇಲೇ ಕೂತು ಬೆಳೆದವಳು. ನಾಳೆ ಬೆಳಗ್ಗೆ ಠಾಣೆಯಲ್ಲಿ ಎಲ್ಲರ ಹೆಸರನ್ನೂ ಹೇಳುತ್ತೇನೆ. ಕಳಿಸಿದವರು ಯಾರು ಅಂತ ಕೇಳಿದರೆ ಅದನ್ನೂ ಹೇಳುತ್ತೇನೆ.

ಅದಕ್ಕೆ ಮುಂಚೆ ನೀವೇ ಬಂದು ಹೇಳುವುದಾದರೆ, ಠಾಣೆಯ ಬಾಗಿಲಲ್ಲಿ ಕಾಯುತ್ತಿರುತ್ತೇನೆ. ಒಟ್ಟಿಗೇ ಒಳಗೆ ಹೋಗೋಣ.

ನಿಮ್ಮ ಮಗಳು